ಒಂದು ದಿನದ ಮೈಸೂರು

ಮೈಸೂರು ನೋಡಲು ಒಂದೇ ದಿನವಿದ್ದರೆ, ಎಲ್ಲವನ್ನೂ ನೋಡುವ ಹಂಬಲ ಬಿಡಿ. ಕಾಲೂ ಸೋಲುತ್ತದೆ, ಮನಸ್ಸಿನಲ್ಲೂ ಏನೂ ನಿಲ್ಲದು. ಹೆಬ್ಬಾಳದ ನೆಂಟರ ಮನೆಯಲ್ಲಿ ಇಳಿದವರಿಗೆ ಕೃಷ್ಣರಾಜಸಾಗರ ಹತ್ತಿರವೇನೋ ನಿಜ. ಆದರೆ ಬೃಂದಾವನದ ಕಾರಂಜಿಗಳ ಸೊಬಗು ದೀಪ ಹತ್ತಿದ ಮೇಲೆ. ಅದನ್ನು ಸಂಜೆಗಿಡಿ.

ಬಿಸಿಲೇರುವ ಮುನ್ನ ಚಾಮುಂಡಿಬೆಟ್ಟ. ಸಾವಿರ ಮೆಟ್ಟಿಲು ಎಳೆಯರಿಗಿರಲಿ, ವೃದ್ಧರು ಬಸ್ಸಿನಲ್ಲಿ ಹೋಗಲಿ. ದೊಡ್ಡ ದೇವರಾಜ ಒಡೆಯರ ಕಾಲದ ನಂದಿಯ ಮುಂದೆ ತುಸು ನಿಲ್ಲಿ. ಅನಂತರ ಅರಮನೆ. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಈಗಿನ ಕಟ್ಟಡ ಮುಗಿದದ್ದು 1912ರಲ್ಲಿ. ಊಟದ ಬಳಿಕ, ಮಕ್ಕಳಿದ್ದರೆ, 1892ರಲ್ಲಿ ಆರಂಭವಾದ ಮೃಗಾಲಯ. ಮಂಗಳವಾರ ಅದಕ್ಕೆ ರಜೆ. ಭಾನುವಾರವಾದರೆ ಸಂಜೆ ಬೃಂದಾವನದ ಬದಲು ಅರಮನೆಯ ದೀಪಾಲಂಕಾರ ನೋಡಿ.

ಇಷ್ಟು ಸಾಕು. ಉಳಿದದ್ದು ಮತ್ತೊಮ್ಮೆ ಬರುವುದಕ್ಕೆ ನೆಪವಾಗಲಿ.