ಸಂಸತ್ತಿನ ಪ್ರಶ್ನೆ, ಸರ್ಕಾರದ ಉತ್ತರ

ಲೋಕಸಭೆಯ ಕಲಾಪ ಸಾಮಾನ್ಯವಾಗಿ ಬೆಳಿಗ್ಗೆ 11ಕ್ಕೆ ಪ್ರಶ್ನೋತ್ತರ ಅವಧಿಯಿಂದ ಆರಂಭವಾಗುತ್ತದೆ. ರಾಜ್ಯಸಭೆಯಲ್ಲಿ ಈ ಅವಧಿ ಮಧ್ಯಾಹ್ನ 12ಕ್ಕೆ. ರೈಲು, ರಸಗೊಬ್ಬರ, ಪಿಂಚಣಿ, ಕುಡಿಯುವ ನೀರು ಹೀಗೆ ಕೇಂದ್ರದ ಹೊಣೆಯಾದ ಯಾವುದೇ ವಿಷಯದ ಬಗ್ಗೆ ಸದಸ್ಯರು ಮಾಹಿತಿ ಕೇಳಬಹುದು. ಸಾಮಾನ್ಯ ಪ್ರಶ್ನೆಗಳಿಗೆ ಕನಿಷ್ಠ 15 ದಿನ ಮೊದಲೇ ಸೂಚನೆ ಕೊಡಬೇಕು.

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಮೌಖಿಕವಾಗಿ ಉತ್ತರಿಸುತ್ತಾರೆ. ಅದರ ಬೆನ್ನಿಗೇ ಉಪಪ್ರಶ್ನೆಗಳು ಬರುತ್ತವೆ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆಗಳು 20 ಮಾತ್ರ. ಚುಕ್ಕೆ ಗುರುತಿಲ್ಲದ 230 ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿಗುತ್ತದೆ, ಉಪಪ್ರಶ್ನೆಗೆ ಅವಕಾಶವಿಲ್ಲ. ಜಿಲ್ಲಾವಾರು, ರಾಜ್ಯವಾರು ಅಂಕಿಅಂಶಗಳು ಹೆಚ್ಚಾಗಿ ಹೊರಬೀಳುವುದು ಇವುಗಳಿಂದಲೇ.

ಪ್ರಶ್ನೆಯೊಂದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂದು ನಿದರ್ಶನವಿದೆ. ಜೀವ ವಿಮಾ ನಿಗಮವು ಉದ್ಯಮಿ ಮುಂಧ್ರಾ ಅವರ ಕಂಪನಿಗಳ ಷೇರು ಕೊಂಡ ವಿಚಾರ 1957ರಲ್ಲಿ ಲೋಕಸಭೆಯಲ್ಲಿ ಪ್ರಶ್ನೆಗೆ ಒಳಗಾಯಿತು. ಸಂಸದ ಫಿರೋಜ್ ಗಾಂಧಿ ಅದನ್ನು ಬೆನ್ನಟ್ಟಿದರು. ತನಿಖೆಯ ನಂತರ, 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ನೀಡಿದರು.

‘ಪರಿಶೀಲಿಸಲಾಗುವುದು’ ಎಂಬ ಸಚಿವರ ಮಾತು ಭರವಸೆಯಾಗಿ ದಾಖಲಾಗಬಹುದು. ಅದನ್ನು ಸಾಮಾನ್ಯವಾಗಿ 3 ತಿಂಗಳಲ್ಲಿ ಈಡೇರಿಸಬೇಕು. ಸರ್ಕಾರಿ ಭರವಸೆಗಳ ಸಮಿತಿ ಇದರ ಮೇಲೆ ಕಣ್ಣಿಡುತ್ತದೆ. ಉತ್ತರಗಳೆಲ್ಲ ಎರಡೂ ಸದನಗಳ ಜಾಲತಾಣಗಳಲ್ಲಿ ಲಭ್ಯ. ಯಾವ ನಾಗರಿಕರಾದರೂ ಉಚಿತವಾಗಿ ಓದಬಹುದು.