ನಾಡಿ ಊರಾಗ, ಡಾಕ್ಟರು ದೂರದಾಗ

ನಿಮ್ಮ ಮನೆಯಲ್ಲಿ ಯಾರಿಗಾದರೂ ಬಿ.ಪಿ. ಇದೆಯೇ? ಸಕ್ಕರೆ ಕಾಯಿಲೆ ಇದೆಯೇ?

ಬಿ.ಪಿ.ಗೆ ಬಾಯಿಲ್ಲ. ಹಲ್ಲು ನೋವಿನಂತೆ ಅದು ಕೂಗಿ ಹೇಳುವುದಿಲ್ಲ. ಒಳಗೊಳಗೇ ಏರುತ್ತದೆ. ಒಂದು ದಿನ ಲಕ್ವ ಹೊಡೆಯುತ್ತದೆ. ಇಲ್ಲವೇ ಎದೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಬಿ.ಪಿ. ಇದ್ದವರು ಆಗಾಗ ತೋರಿಸುತ್ತಿರಬೇಕು.

ಆದರೆ ತೋರಿಸುವುದು ಎಲ್ಲಿ? ಮೇಲವಂಕಿ ಗೋಕಾಕ ಸೀಮೆಯ ಊರು. ದೊಡ್ಡ ಡಾಕ್ಟರು ಬೇಕೆಂದರೆ ಗೋಕಾಕಕ್ಕೆ ಹೋಗಬೇಕು. ಇನ್ನೂ ದೊಡ್ಡ ಬೇನೆ ಆದರೆ ಬೆಳಗಾವಿಗೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟು ಇಲ್ಲ, ಖರೆ. ಆದರೂ ಒಂದು ದಿನದ ಕೂಲಿ ಹೋಗುತ್ತದೆ. “ಕಬ್ಬು ಕಡಿಯೂದು ಮುಗೀಲಿ, ಆಮ್ಯಾಲ ಹೋದರಾತು” ಅನ್ನುತ್ತೇವೆ. ಬಿ.ಪಿ. ಮಾತ್ರ ನಮಗಾಗಿ ಕಾಯುವುದಿಲ್ಲ.

ಇದಕ್ಕೆ ಈಗ ಒಂದು ದಾರಿ ಇದೆ. ರೋಗಿ ಊರಿನಲ್ಲೇ ಇರುತ್ತಾರೆ. ಅವರ ಲೆಕ್ಕ ಮಾತ್ರ ಡಾಕ್ಟರ ಹತ್ತಿರ ಹೋಗುತ್ತದೆ.

ಲೆಕ್ಕ ಹೋಗುವುದು ಹೇಗೆ?

ಆಶಾ ಅಕ್ಕನವರು ಅಥವಾ ಆರೋಗ್ಯ ಕೇಂದ್ರದವರು ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡುತ್ತಾರೆ. ಯಂತ್ರದಲ್ಲಿ ಎರಡು ಅಂಕಿ ಬರುತ್ತವೆ. 120 ಮತ್ತು 80ರ ಆಸುಪಾಸು ಇದ್ದರೆ ಚಲೋ. ಮೇಲಿನದು 140, ಇಲ್ಲವೇ ಕೆಳಗಿನದು 90 ದಾಟಿ ಮತ್ತೆ ಮತ್ತೆ ಬಂದರೆ ಡಾಕ್ಟರಿಗೆ ತೋರಿಸಲೇಬೇಕು. ಈ ಅಂಕಿಗಳನ್ನು ಮೊಬೈಲಿನಲ್ಲೋ ಟ್ಯಾಬಿನಲ್ಲೋ ಬರೆಯುತ್ತಾರೆ. ಅಲ್ಲಿಂದ ಅವು ಇಂಟರ್ನೆಟ್ಟಿನ ಮೂಲಕ ದೂರದ ದೊಡ್ಡ ಕಂಪ್ಯೂಟರಿಗೆ ಹೋಗುತ್ತವೆ. ಈ ವ್ಯವಸ್ಥೆಗೆ ‘ಕ್ಲೌಡ್’ ಎನ್ನುತ್ತಾರೆ. ಕ್ಲೌಡ್ ಎಂದರೆ ಮೋಡ.

“ಮತ್ತ ಆ ಲೆಕ್ಕ ಮೋಡದಾಗ ಇರತೈತೇನ್ರಿ?” ಎಂದು ನೀವು ಕೇಳಬಹುದು. ಇಲ್ಲ. ಹೆಸರಷ್ಟೇ ಮೋಡ. ಕಂಪ್ಯೂಟರುಗಳು ನೆಲದ ಮೇಲೆಯೇ, ದೊಡ್ಡ ಕಟ್ಟಡಗಳಲ್ಲಿ ಇರುತ್ತವೆ. ಹಿಂದೆ ನಮ್ಮ ಊರುಗಳಲ್ಲಿ ಹಗೇವು ಇದ್ದವು. ಜೋಳವನ್ನು ಹಗೇವಿನಲ್ಲಿ ತುಂಬಿ, ಬೇಕಾದಾಗ ತೆಗೆಯುತ್ತಿದ್ದರು. ಕ್ಲೌಡ್ ಕೂಡ ಒಂದು ಹಗೇವು. ಇಲ್ಲಿ ತುಂಬುವುದು ಜೋಳವಲ್ಲ, ಲೆಕ್ಕ. ಒಂದು ವ್ಯತ್ಯಾಸ ಇದೆ. ಒಂದೇ ಲೆಕ್ಕದ ಪ್ರತಿಯನ್ನು ಎರಡು ಮೂರು ಕಡೆ ಇಡುತ್ತಾರೆ. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ಉಳಿಯುತ್ತದೆ. ಮನೆಯ ಚೀಟಿ ಮಳೆಯಲ್ಲಿ ನೆನೆದರೂ ಈ ಲೆಕ್ಕ ನೆನೆಯುವುದಿಲ್ಲ.

ನಮ್ಮ ನಾಡಿನಲ್ಲಿ ನಡೆದದ್ದು

ದೂರದಿಂದ ರೋಗಿಯನ್ನು ನೋಡುವುದು ಕರ್ನಾಟಕಕ್ಕೆ ಹೊಸದಲ್ಲ. 2000ದ ದಶಕದ ಮೊದಲ ವರ್ಷಗಳಲ್ಲೇ ಇಸ್ರೋ ಸಂಸ್ಥೆ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು.

ಚಿತ್ರನಟ ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ ಬರೀ 46 ವರ್ಷ. ಅವರ ಹೆಸರಿನಲ್ಲಿ ಸರ್ಕಾರ 2023ರಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ಘೋಷಿಸಿತು. ಎದೆನೋವು ಎಂದು ಬಂದವರ ಇ.ಸಿ.ಜಿ.ಯನ್ನು ತಾಲೂಕು ಆಸ್ಪತ್ರೆಯಲ್ಲೇ ತೆಗೆಯುತ್ತಾರೆ. ಅದನ್ನು ದೂರದಲ್ಲಿರುವ ಹೃದಯದ ಡಾಕ್ಟರು ಕೂಡಲೇ ನೋಡುತ್ತಾರೆ. ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಪುಕ್ಕಟೆ ಕೊಡುತ್ತಾರೆ.

‘ಇ-ಸಂಜೀವಿನಿ’ ಎಂಬುದು 2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸೇವೆ. ಊರಿನ ಆರೋಗ್ಯ ಕೇಂದ್ರದಲ್ಲಿ ಕುಳಿತು, ಪರದೆಯ ಮೇಲೆ ದೂರದ ಡಾಕ್ಟರ ಜೊತೆ ಮಾತಾಡಬಹುದು.

ನಮ್ಮ ಗುಟ್ಟು ಬಯಲಾಗುವುದಿಲ್ಲವೇ?

ಇದು ಕೇಳಲೇಬೇಕಾದ ಪ್ರಶ್ನೆ. ಟಿ.ಬಿ. ಇದೆ ಎಂದು ಊರಿಗೆ ಗೊತ್ತಾದರೆ ಮಗಳ ಸಂಬಂಧ ಮುರಿಯಬಹುದು. ಕೆಲಸ ಹೋಗಬಹುದು. ಕಾಯಿಲೆಯ ಮಾತು ರೋಗಿಯದು ಮತ್ತು ಡಾಕ್ಟರದು. ಅದು ಕಟ್ಟೆಯ ಮೇಲಿನ ಮಾತಲ್ಲ.

ಒಂದು ನೆನಪು ಮಾಡಿಕೊಳ್ಳಿ. ಓದು ಕಲಿಯುವ ಮೊದಲು ಬಸ್ಸಿನ ಬೋರ್ಡು ನಿಮಗೆ ಹೇಗೆ ಕಾಣುತ್ತಿತ್ತು? ಬರೀ ಗೆರೆ, ಬರೀ ಸುತ್ತು. ಅಕ್ಷರ ಇತ್ತು, ಅರ್ಥ ಇರಲಿಲ್ಲ. ಕಂಪ್ಯೂಟರಿನಲ್ಲೂ ಹೀಗೆಯೇ ಮಾಡುತ್ತಾರೆ. ಲೆಕ್ಕವನ್ನು ಕಳಿಸುವ ಮೊದಲು ಅಕ್ಷರಗಳನ್ನು ಕಲಸಿಬಿಡುತ್ತಾರೆ. ನಡುದಾರಿಯಲ್ಲಿ ಕಳ್ಳ ಕದ್ದರೂ ಅವನಿಗೆ ಅದು ಬರೀ ಗೆರೆ, ಬರೀ ಸುತ್ತು. ಬೀಗದ ಕೈ ಇದ್ದವರಿಗೆ ಮಾತ್ರ ಓದಲು ಬರುತ್ತದೆ.

ಆದರೂ ಬೀಗ ಇದೆ ಎಂದು ಮೈಮರೆಯಬಾರದು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗಿದರು. ಹಲವು ದಿನ ಅಲ್ಲಿ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಾಯಿತು. ಜನರ ಖಾಸಗಿ ಮಾಹಿತಿಯನ್ನು ಕಾಪಾಡಲು 2023ರಲ್ಲಿ ದೇಶದಲ್ಲಿ ಒಂದು ಕಾಯ್ದೆಯೂ ಆಯಿತು. ಹಗೇವನ್ನು ಕಾಯುವುದು ಅದನ್ನು ಇಟ್ಟವರ ಕೆಲಸ. ಆದರೆ ಒಂದು ಬೀಗದ ಕೈ ನಿಮ್ಮ ಹತ್ತಿರವೂ ಇದೆ.

ನಿಮ್ಮ ಕೈಯಲ್ಲಿರುವ ಬೀಗದ ಕೈ

‘ಆಭಾ’ ಎಂಬ ಆರೋಗ್ಯ ಸಂಖ್ಯೆ ಇದೆ. ಅದರಲ್ಲಿ 14 ಅಂಕಿ. ಅದನ್ನು ಮಾಡಿಸುವುದು ನಿಮ್ಮ ಇಚ್ಛೆ. ನಿಮ್ಮ ಚೀಟಿ, ವರದಿಗಳನ್ನು ಅದಕ್ಕೆ ಜೋಡಿಸಬಹುದು. ಯಾರಾದರೂ ನೋಡಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂಬಹುದು. ಮೊಬೈಲಿಗೆ ಓ.ಟಿ.ಪಿ. ಬರುತ್ತದೆ. ಅದೇ ಬೀಗದ ಕೈ.

ಫೋನಿನಲ್ಲಿ ಒಬ್ಬ ಹೇಳುತ್ತಾನೆ: “ದವಾಖಾನಿಯಿಂದ ಮಾತಾಡ್ತೀನ್ರಿ. ಓ.ಟಿ.ಪಿ. ಹೇಳ್ರಿ.” ಹೇಳಬೇಡಿ. ಫೋನು ಇಟ್ಟುಬಿಡಿ. ಎದುರಿಗೆ ಕುಳಿತ ಆರೋಗ್ಯ ಸಿಬ್ಬಂದಿ ಕೇಳಿದರೆ, “ಯಾತಕ್ಕ ಬೇಕ್ರೀ?” ಎಂದು ಕೇಳಿ. ಬಂದ ಮೆಸೇಜನ್ನು ನೀವೇ ಓದಿ, ಇಲ್ಲವೇ ಓದಿಸಿಕೊಳ್ಳಿ. ಆಮೇಲೆ ಕೊಡಿ. ಕೇಳುವುದರಲ್ಲಿ ನಾಚಿಕೆ ಇಲ್ಲ. ಮೋಸವಾಗಿ ಹಣ ಹೋದರೆ ಕೂಡಲೇ 1930ಕ್ಕೆ ಫೋನು ಮಾಡಿ.

ನೆನಪಿಡಿ

ಬಿ.ಪಿ. ನೋಡಿಸುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತಿರಿ. ಅದಕ್ಕೂ ಅರ್ಧ ತಾಸು ಮೊದಲು ಚಹಾ, ತಂಬಾಕು ಬೇಡ.

ಬಂದ ಅಂಕಿಯನ್ನು ತಾರೀಖು ಹಾಕಿ ನಿಮ್ಮ ವಹಿಯಲ್ಲೂ ಬರೆದಿಡಿ. ಯಂತ್ರದ ಲೆಕ್ಕ ಯಂತ್ರಕ್ಕೆ, ನಮ್ಮ ಲೆಕ್ಕ ನಮಗೆ.

ಅಂಕಿ ಚಲೋ ಬಂತೆಂದು ಗುಳಿಗೆ ಬಿಡಬೇಡಿ. ಡಾಕ್ಟರನ್ನು ಕೇಳಿ.

ಎದೆನೋವು ಬಂದರೆ, ಬಾಯಿ ಸೊಟ್ಟಾದರೆ, ಕೈಕಾಲು ಸೋತರೆ ಮೊಬೈಲು ನೋಡುತ್ತ ಕೂರಬೇಡಿ. ಕೂಡಲೇ 108ಕ್ಕೆ ಫೋನು ಮಾಡಿ.

ಯಂತ್ರ ಅಂಕಿ ತೋರಿಸುತ್ತದೆ. ಕ್ಲೌಡ್ ಅದನ್ನು ಕಾಯ್ದಿಡುತ್ತದೆ. ಡಾಕ್ಟರು ಔಷಧ ಹೇಳುತ್ತಾರೆ. ಆದರೆ 140 ಎಂಬ ಅಂಕಿಯನ್ನು ಓದಿ, “ಇವತ್ತ ಏರೈತಿ, ತೋರಸೂಣು” ಎಂದು ಹೇಳುವವರು ಮನೆಯಲ್ಲೇ ಇರಬೇಕು. ನೀವು ಈಗ ಓದು ಕಲಿತಿದ್ದೀರಿ. ಆ ಮನುಷ್ಯ ನೀವೇ ಆಗಿ.