ಪದಕ ಹಿಂದಿರುಗಿಸಿದ ಕವಯಿತ್ರಿ ಉಡ್ಗೆರೂ

ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಕ್ಕಿನ ಹೋರಾಟದಲ್ಲಿ ಕವಯಿತ್ರಿ ಉಡ್ಗೆರೂ ನೂನಕಲ್ ಅವರದ್ದು ಎದ್ದು ಕಾಣುವ ಹೆಸರು. 1920ರಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಸ್ಟ್ರಾಡ್‌ಬ್ರೋಕ್ ದ್ವೀಪದಲ್ಲಿ ಜನಿಸಿದ ಇವರು ಬಹುಕಾಲ ಕ್ಯಾತ್ ವಾಕರ್ ಎಂದೇ ಪರಿಚಿತರು. 13ರ ಹರೆಯದಲ್ಲಿ ಶಾಲೆ ಬಿಟ್ಟು ಬ್ರಿಸ್ಬೇನ್‌ನಲ್ಲಿ ಮನೆಗೆಲಸಕ್ಕೆ ಸೇರಿದರು. ಆ ರಾಜ್ಯದಲ್ಲಿ 1897ರ ಕಾಯಿದೆಯೊಂದು 'ರಕ್ಷಣೆ'ಯ ಹೆಸರಿನಲ್ಲಿ ಮೂಲನಿವಾಸಿಗಳ ವಾಸ, ದುಡಿಮೆ, ಮದುವೆಗಳನ್ನೂ ಅಧಿಕಾರಿಗಳ ಕೈಗೆ ಒಪ್ಪಿಸಿತ್ತು.

1964ರಲ್ಲಿ ಪ್ರಕಟವಾದ 'ವಿ ಆರ್ ಗೋಯಿಂಗ್' ಮೂಲನಿವಾಸಿ ಮಹಿಳೆಯೊಬ್ಬರ ಮೊದಲ ಕವನ ಸಂಕಲನ. ಅದರ ಶೀರ್ಷಿಕೆ ಕವಿತೆಯಲ್ಲಿ ಬೆರಳೆಣಿಕೆಯ ಜನ ತಮ್ಮ ಹಳೆಯ ಊರಿಗೆ ಮರಳುತ್ತಾರೆ. ಹಿರಿಯರು ದೀಕ್ಷಾವಿಧಿ ನಡೆಸುತ್ತಿದ್ದ ಪವಿತ್ರ ನೆಲವೀಗ ಕಸ ಸುರಿಯುವ ಜಾಗ. ನೆಲ ಕಳೆದುಕೊಂಡವರ ನೋವನ್ನು ಹೇಳಲು ಆ ಒಂದು ಚಿತ್ರವೇ ಸಾಕು. ಸಂಕಲನ ಬೇಗನೆ ಮರುಮುದ್ರಣಗಳನ್ನು ಕಂಡಿತು. ಇದು ಕಾವ್ಯವಲ್ಲ, ಬರೀ ಪ್ರಚಾರ ಎಂದು ಕೆಲವು ವಿಮರ್ಶಕರು ಮೂಗು ಮುರಿದರು. ತನ್ನ ಕವಿತೆಯಲ್ಲಿ ಘೋಷಣೆಯ ಧಾಟಿ ಇದೆ ಎಂಬುದನ್ನು ಉಡ್ಗೆರೂ ಅವರೇ ಮುಚ್ಚಿಡಲಿಲ್ಲ. ಸಭೆಯಲ್ಲಿ ಎದ್ದು ನಿಂತು ಓದಲೆಂದೇ ಬರೆದ ಕವಿತೆಗೆ ಅದೊಂದು ಕೊರತೆಯೂ ಅಲ್ಲ. 1962ರಲ್ಲಿ ಅಡಿಲೇಡ್ ಸಮ್ಮೇಳನಕ್ಕಾಗಿ ಅವರು ಹಕ್ಕುಗಳ ಬೇಡಿಕೆಪಟ್ಟಿಯನ್ನೇ ಪದ್ಯರೂಪದಲ್ಲಿ ಬರೆದಿದ್ದರು!

1963ರಲ್ಲಿ ನಿಯೋಗದೊಂದಿಗೆ ತೆರಳಿದ್ದಾಗ ಪ್ರಧಾನಿ ರಾಬರ್ಟ್ ಮೆಂಜೀಸ್ ಅವರು ಉಡ್ಗೆರೂ ಅವರಿಗೆ ಮದ್ಯ ನೀಡಿ ಸತ್ಕರಿಸಲು ಮುಂದಾದರು. ನಮ್ಮ ಕಡೆ ಮೂಲನಿವಾಸಿಗೆ ಹೀಗೆ ಮದ್ಯ ಕೊಟ್ಟರೆ ನೀವು ಜೈಲಿಗೆ ಹೋಗಬೇಕಾದೀತು ಎಂದು ಇವರು ತಿಳಿಸಿದಾಗ ಪ್ರಧಾನಿಯವರೇ ಬೆರಗಾದರಂತೆ. ದೇಶದ ಜನಸಂಖ್ಯೆಯ ಲೆಕ್ಕಕ್ಕೆ ಮೂಲನಿವಾಸಿಗಳನ್ನು ಸೇರಿಸದ ಸಂವಿಧಾನದ ವಿಧಿಯನ್ನು ತೆಗೆದುಹಾಕಲು 1967ರ ಜನಮತಗಣನೆಯಲ್ಲಿ ಶೇ. 90ಕ್ಕೂ ಹೆಚ್ಚು ಮತದಾರರು ಒಪ್ಪಿದರು. ಅದಕ್ಕಾಗಿ ದೇಶವಿಡೀ ನಡೆದ ಪ್ರಚಾರದಲ್ಲಿ ಇವರು ಮುಂಚೂಣಿಯಲ್ಲಿದ್ದರು.

1970ರಲ್ಲಿ ಬ್ರಿಟಿಷ್ ರಾಜಮನೆತನದ ಎಂ.ಬಿ.ಇ. ಗೌರವ ಒಲಿಯಿತು. ಬ್ರಿಟಿಷರು ನೆಲೆಯೂರಿ 200 ವರ್ಷವಾದುದನ್ನು 1988ರಲ್ಲಿ ಸಂಭ್ರಮಿಸಲು ದೇಶ ಅಣಿಯಾಗುತ್ತಿದ್ದಾಗ, 1987ರಲ್ಲಿ ಅವರು ಆ ಪದಕವನ್ನು ಹಿಂದಿರುಗಿಸಿದರು. ಕ್ಯಾತ್ ವಾಕರ್ ಎಂಬ ಹೆಸರನ್ನೂ ಬಿಟ್ಟರು. ಉಡ್ಗೆರೂ ಎಂದರೆ ಕಾಗದದಂತೆ ತೊಗಟೆ ಸುಲಿಯುವ ಒಂದು ಮರ. ನೂನಕಲ್ ಅವರ ಬುಡಕಟ್ಟು.

ಅವರು ತೀರಿಕೊಂಡದ್ದು 1993ರ ಸೆಪ್ಟೆಂಬರ್‌ನಲ್ಲಿ. ಬ್ರಿಟಿಷರು ಬರುವ ಮುನ್ನ ಆ ನೆಲ ಯಾರದ್ದೂ ಆಗಿರಲಿಲ್ಲವೆಂಬ ವಾದವನ್ನು ಆಸ್ಟ್ರೇಲಿಯಾದ ಉಚ್ಚ ನ್ಯಾಯಾಲಯ ತಳ್ಳಿಹಾಕಿ ಆಗಿನ್ನೂ ಒಂದು ವರ್ಷ ಕಳೆದಿತ್ತಷ್ಟೆ.